ಆರ್ಥರ್ ಹೋಮ್ಸನ ವಿದ್ಯಾರ್ಥಿದಶೆಯ ಸಂಶೋಧನೆ

ಕೆಲ್ವಿನ್ ಪ್ರಭುವು ೧೮೯೭ರಲ್ಲಿ ಭೂಮಿಯ ವಯಸ್ಸು ಎರಡರಿಂದ ನಾಲ್ಕು ಕೋಟಿ ವರ್ಷಗಳೊಳಗೇ ಇರಬೇಕೆಂದು ಸಾಧಿಸಿದ್ದನು. ಪದರಶಿಲೆಗಳ ದಪ್ಪವನ್ನು ಕಣ್ಣಾರೆ ಕಂಡಿದ್ದ ಭೂಗರ್ಭಶಾಸ್ತ್ರಜ್ಞರಿಗೆ ಈ ಕಾಲವು ಸಾಲದೆಂದು ತೋರಿತಾದರೂ, ಪ್ರತಿಯಾಗಿ ಇಡತಕ್ಕ ಅಂಕಿಗಳು ಅವರಲ್ಲಿರಲಿಲ್ಲ. ಆ ಕೊರತೆಯನ್ನು ತುಂಬಿದವರಲ್ಲಿ ಒಬ್ಬನು ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಯೆಂಬುದು ಗಮನಾರ್ಹವಾಗಿದೆ.

ಆರ್ಥರ್ ಹೋಮ್ಸನು ೧೮೯೦ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಜನಿಸಿದನು. ೧೯೦೭ರಲ್ಲಿ ಭೌತಶಾಸ್ತ್ರದ ವ್ಯಾಸಂಗಕ್ಕಾಗಿ ಲಂಡನ್ನಿಗೆ ಬಂದ ಆತನು, ಅಧ್ಯಾಪಕರು ಬೇಡವೆಂದರೂ ಭೂಗರ್ಭಶಾಸ್ತ್ರಕ್ಕೆ ತಿರುಗಿದನು. ಯುರೇನಿಯಮ್ ಧಾತುವು ಕಾಲಕ್ರಮದಲ್ಲಿ ಸೀಸವಾಗಿ ಪರಿಣಮಿಸುವುದೆಂಬ ತತ್ತ್ವದಿಂದ ಬೋಲ್ಟ್‌ವುಡ್ಡನು ೧೯೦೭ರಲ್ಲಿಯೇ ಕೆಲವು ಖನಿಜಗಳ ವಯಸ್ಸನ್ನು ಎಣಿಸಿದ್ದನು. ಸ್ಟ್ರಟ್ಟನ ಮಾರ್ಗದರ್ಶನದಲ್ಲಿ ಹೋಮ್ಸನು ಇದನ್ನೇ ಹಿಡಿದು, ನಾರ್ವೆ ದೇಶದ, ಡೆವೋನಿಯನ್ ಕಾಲದ್ದೆಂದು ಆಗ ನಂಬಲಾಗಿದ್ದ, ಒಂದು ಶಿಲೆಯ ಖನಿಜಗಳನ್ನು ಪರೀಕ್ಷಿಸಿದನು. ಖನಿಜವನ್ನು ಪುಡಿಮಾಡಿ ಕರಗಿಸುವುದು, ಅದರಿಂದ ಹೊರಡುವ ರೇಡಿಯಮ್ ಅನಿಲವನ್ನಳೆದು ಯುರೇನಿಯಮ್ಮಿನ ಪ್ರಮಾಣವನ್ನು ತಿಳಿಯುವುದು, ಬಳಿಕ ಮಿಲಿಗ್ರಾಮುಗಳಷ್ಟೇ ಇರುವ ಸೀಸವನ್ನು ಬೇರ್ಪಡಿಸಿ ತೂಗುವುದು—ಒಂದು ಹಂತದಲ್ಲಿ ಕೈತಪ್ಪಿದರೂ ಶ್ರಮವೆಲ್ಲ ವ್ಯರ್ಥವಾಗುವಂಥ ಕೆಲಸವಿದು. ದೊರೆತ ಉತ್ತರವು ೩೭ ಕೋಟಿ ವರ್ಷಗಳು. ಸಿಂಹಳದ ಒಂದು ಶಿಲೆಗೆ ಆತನು ಎಣಿಸಿದ ವಯಸ್ಸಾದರೋ ೧೬೪ ಕೋಟಿ!

ವಿದ್ಯೆಗೆ ದಾರಿಯಿದ್ದಿತು, ಹೊಟ್ಟೆಗೆ ಇರಲಿಲ್ಲ. ವ್ಯಾಸಂಗವೇತನವು ವರ್ಷಕ್ಕೆ ೬೦ ಪೌಂಡು ಮಾತ್ರ. ಮೊಜಾಂಬಿಕ್ಕಿನಲ್ಲಿ ಖನಿಜಾನ್ವೇಷಣೆಗೆ ತಿಂಗಳಿಗೆ ೩೫ ಪೌಂಡು ಸಂಬಳ. ಸಾಲದ ಭಾರವು ಹೋಮ್ಸನನ್ನು ಆಫ್ರಿಕಕ್ಕೆ ಕಳುಹಿಸಿತು. ೧೯೧೧ರ ಏಪ್ರಿಲಿನಲ್ಲಿ ಆತನ ಪ್ರಬಂಧವು ರಾಯಲ್ ಸೊಸೈಟಿಯ ಮುಂದೆ ಬಂದಾಗ ಕರ್ತೃವು ಲಂಡನ್ನಿನಲ್ಲಿಯೇ ಇರಲಿಲ್ಲ. ಅಲ್ಲಿ ಮಲೇರಿಯಾ ಜ್ವರವು ಹಿಡಿದು, ಪ್ರಾಣವುಳಿದುದೇ ಹೆಚ್ಚೆನ್ನುವಂತಾಗಿ ಆತನು ಹಿಂದಿರುಗಿದನು. ಭೂಮಿಯ ವಯಸ್ಸನ್ನು ಕುರಿತ ಗ್ರಂಥವು ೧೯೧೩ರಲ್ಲಿ ಹೊರಬಂದಿತು. ಸಂಶೋಧನೆಗೆಂದು ಪಿಎಚ್.ಡಿ. ಪದವಿಯು ಬ್ರಿಟನ್ನಿನಲ್ಲಿ ಆಗಿನ್ನೂ ಏರ್ಪಟ್ಟಿರಲಿಲ್ಲ, ಹೋಮ್ಸನಿಗೆ ಡಿ.ಎಸ್‌ಸಿ. ದೊರೆತದ್ದು ೧೯೧೭ರಲ್ಲಿ.

ಆ ೩೭ ಕೋಟಿಯ ಲೆಕ್ಕದಲ್ಲಿ ಒಂದು ವಿಚಿತ್ರವಡಗಿದೆ. ಈಗಿನ ಗಣನೆಯಂತೆ ಡೆವೋನಿಯನ್ ಕಾಲವು ಸುಮಾರು ೪೨ರಿಂದ ೩೬ ಕೋಟಿ ವರ್ಷಗಳ ಹಿಂದಿನದು. ಅಂಕಿಯು ಅದರೊಳಗೆ ಸರಿಯಾಗಿ ಕೂಡುತ್ತದೆ. ಆದರೆ ನಾರ್ವೆಯ ಆ ಶಿಲೆಗಳು ಡೆವೋನಿಯನ್ ಕಾಲದವೇ ಅಲ್ಲ, ಅದಕ್ಕಿಂತ ಕಿರಿಯವೆಂದು ಅನಂತರ ತಿಳಿದುಬಂದಿತು. ಸೀಸದಲ್ಲಿಯೂ ಹಲವು ಬಗೆಗಳುಂಟೆಂಬುದು ೧೯೧೧ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಶಿಲೆಯಲ್ಲಿ ಮೊದಲೇ ಇದ್ದ ಸೀಸವನ್ನೂ ಥೋರಿಯಮ್ಮಿನಿಂದ ಹುಟ್ಟಿದುದನ್ನೂ ಬೇರೆಮಾಡುವ ಉಪಾಯವು ಆಗ ಇರಲಿಲ್ಲ. ಎರಡು ತಪ್ಪುಗಳು ಕೂಡಿ ಒಪ್ಪವಾದ ಸಂಖ್ಯೆಯೊಂದು ಒದಗಿತೆನ್ನಬೇಕು. ಇದರಿಂದ ಹೋಮ್ಸನ ಕೀರ್ತಿಗೆ ಕುಂದಿಲ್ಲ; ಕೆಲ್ವಿನ್ನನ ಮಿತಿಯನ್ನು ಮುರಿಯಲು ಆ ನಿಖರತೆಯು ಬೇಕಾಗಿರಲಿಲ್ಲ.

ಮುಂದೆ ೧೯೫೫ರಲ್ಲಿ ಇದೇ ಹೋಮ್ಸನು ದಕ್ಷಿಣ ಭಾರತ ಮತ್ತು ಸಿಂಹಳಗಳ ಪ್ರಾಚೀನ ಶಿಲೆಗಳ ಕಾಲನಿರ್ಣಯವನ್ನು ಕುರಿತು ಲೇಖನವನ್ನು ಬರೆದನು. ಧಾರವಾಡ ಶಿಲಾಶ್ರೇಣಿಯ ವಿಚಾರವೂ ಅದರಲ್ಲಿ ಸೇರಿದ್ದಿತು.