ಅಂತರರಾಷ್ಟ್ರೀಯ ನ್ಯಾಯಾಲಯದ ಕಡ್ಡಾಯಾಧಿಕಾರವೂ ಭಾರತದ ಅಂಗೀಕಾರವೂ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯಸ್ಮೃತಿಯನ್ನನುಸರಿಸಿ, ಕುಲ, ಶ್ರೇಣಿ, ಪೂಗ, ರಾಜನಿಯುಕ್ತರು ಎಂದು ನ್ಯಾಯಸ್ಥಾನಗಳ ತಾರತಮ್ಯವನ್ನು ವಿವರಿಸಿರುವನು. ಇವೆಲ್ಲದರ ಮೇಲೆ ಅರಸನಿರುವನು. ಆತನ ಕರೆಗೆ ಪ್ರತಿವಾದಿಯು ಬರಲೇಬೇಕು. ರಾಷ್ಟ್ರಗಳ ನಡುವೆ ಅಂತಹ ಅರಸನಿಲ್ಲ. ಆದುದರಿಂದ ಹೇಗ್ ನಗರದ ನ್ಯಾಯಾಲಯದ ಅಧಿಕಾರಕ್ಕೆ ವಾದಿ ಪ್ರತಿವಾದಿಗಳ ಒಪ್ಪಿಗೆಯೇ ಮೂಲವು. ಅದರ ಸಂವಿಧಿಯ 36ನೆಯ ವಿಧಿಯಂತೆ ರಾಷ್ಟ್ರವೊಂದು ಮುಂದಾಗಿಯೇ ಘೋಷಣೆ ಮಾಡಿ, ಅದೇ ಹೊಣೆಯನ್ನು ಹೊತ್ತ ಇತರ ರಾಷ್ಟ್ರಗಳೊಡನೆ ಹುಟ್ಟುವ ನ್ಯಾಯವಿವಾದಗಳಲ್ಲಿ ಕಡ್ಡಾಯಾಧಿಕಾರವನ್ನು ಒಪ್ಪಬಹುದು. ಒಪ್ಪುವುದು ಸ್ವೇಚ್ಛೆ, ಒಪ್ಪಿದ ಮೇಲೆ ಕಟ್ಟು.

ಈ ಕಟ್ಟಿನ ಬಿಗಿಯನ್ನು ಭಾರತವು ನಮ್ಮ ಕಾರವಾರದ ನೆರೆಯ ಗೋವೆಯ ಒಡೆಯರಿಂದಲೇ ಅರಿಯಿತು. 1929ರಲ್ಲಿ ಸಹಿ ಮಾಡಿದ ಮೊದಲ ಅಂಗೀಕಾರದ ಸ್ಥಾನದಲ್ಲಿ 1940ರ ಫೆಬ್ರವರಿ 28ರ ಘೋಷಣೆಯು ಬಂದಿತ್ತು. 1954ರಲ್ಲಿ ದಾದ್ರಾ, ನಗರ ಹವೇಲಿಗಳು ಪೋರ್ತುಗೀಸರ ಕೈತಪ್ಪಿದುವು. 1955ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯನ್ನು ಸೇರಿದ ಪೋರ್ತುಗಲ್ಲು 19ರಂದು ಕಡ್ಡಾಯಾಧಿಕಾರವನ್ನು ಒಪ್ಪಿ, 22ರಂದೇ ಭಾರತದ ಮೇಲೆ ದಾವೆ ಹೂಡಿತು. ಭಾರತವು 1956ರ ಜನವರಿ 7ರಂದು ಹಳೆಯ ಘೋಷಣೆಯನ್ನು ಬದಲಿಸಿತು; ಆದರೆ ಅಷ್ಟರಲ್ಲಿ ದಾವೆಯು ದಾಖಲಾಗಿತ್ತು.

ಭಾರತವು ಆರು ಪ್ರಾಥಮಿಕ ಆಕ್ಷೇಪಣೆಗಳನ್ನೆತ್ತಿತು. 1957ರ ನವೆಂಬರ್ 26ರ ತೀರ್ಪು ನಾಲ್ಕನ್ನು ತಳ್ಳಿಹಾಕಿ ಎರಡನ್ನು ಮುಖ್ಯ ವಿಚಾರಣೆಯೊಡನೆ ಕೂಡಿಸಿತು. ಕಡೆಗೆ ಅವೂ ನಿಲ್ಲಲಿಲ್ಲ. ಆದರೆ 1960ರ ಏಪ್ರಿಲ್ 12ರ ತೀರ್ಪಿನಂತೆ ಪೋರ್ತುಗಲ್ಲಿಗೆ ಖಾಸಗಿ ಜನ, ನಾಗರಿಕ ಅಧಿಕಾರಿಗಳು, ಸಾಮಾನ್ಯ ಸರಕುಗಳ ಸಂಚಾರದ ಹಕ್ಕು ಮಾತ್ರ ಇದ್ದಿತು. ಸೇನೆ, ಸಶಸ್ತ್ರ ಪೊಲೀಸು, ಮದ್ದುಗುಂಡುಗಳಿಗೆ ಇರಲಿಲ್ಲ. ಭಾರತವು ಕರ್ತವ್ಯಕ್ಕೆ ತಪ್ಪಿ ನಡೆದಿಲ್ಲವೆಂದೂ ನಿರ್ಣಯವಾಯಿತು. ಅಧಿಕಾರದ ಪ್ರಶ್ನೆಯಲ್ಲಿ ಸೋತ ಪಕ್ಷವು ನ್ಯಾಯದ ಪ್ರಶ್ನೆಯಲ್ಲಿ ಗೆದ್ದಿತು.

ಅದೇ ನ್ಯಾಯಪೀಠದಲ್ಲಿ 1952ರಿಂದ ಮರಣಪರ್ಯಂತ, ಅಂದರೆ 1953ರ ನವೆಂಬರ್ 30ರವರೆಗೆ, ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು ಕುಳಿತಿದ್ದರು. ಇರಾನಿನ ಅಂಗೀಕಾರವು ಎಷ್ಟರಮಟ್ಟಿಗೆ ವ್ಯಾಪಿಸುವುದೆಂಬುದೇ ಪ್ರಶ್ನೆಯಾಗಿದ್ದ 1952ರ ಎಣ್ಣೆಯ ಮೊಕದ್ದಮೆಯಲ್ಲಿ, ತಾವು ಹಿಂದೆ ಭದ್ರತಾ ಸಮಿತಿಯಲ್ಲಿ ಭಾರತದ ಪ್ರತಿನಿಧಿಯಾಗಿ ಅದರ ಚರ್ಚೆಯಲ್ಲಿದ್ದ ಕಾರಣ, ಅವರು ವಿಚಾರಣೆಯಿಂದ ಹಿಂದೆ ಸರಿದರು. ನ್ಯಾಯಾಧೀಶನು ತಾನಾಗಿ ಹಾಕಿಕೊಂಡ ಈ ಕಟ್ಟು, ರಾಷ್ಟ್ರವು ತಾನಾಗಿ ಒಪ್ಪುವ ಕಟ್ಟಿಗೆ ಸದೃಶವಾದುದು.

ಆಮೇಲೆ 1959, 1974, 2019ರಲ್ಲಿ ಭಾರತವು ಹೊಸ ಘೋಷಣೆಗಳನ್ನು ಮಾಡಿತು; ಅಪವಾದಗಳ ಬೇಲಿಯೂ ಬೆಳೆಯಿತು. ಕಾಮನ್‌ವೆಲ್ತ್ ರಾಷ್ಟ್ರಗಳನ್ನು ಕುರಿತ ಅಪವಾದದ ಬಲದಿಂದಲೇ 2000ದ ಜೂನ್ 21ರಂದು ಪಾಕಿಸ್ತಾನದ ದಾವೆಯು ಅಧಿಕಾರವಿಲ್ಲವೆಂದು ನಿಂತಿತು. ಬೇಲಿಯು ಅಪಾಯವನ್ನು ತಡೆಯುವುದು ದಿಟ. ಆದರೆ 1960ರಲ್ಲಿ ದೊರೆತಂತಹ ಗೆಲುವು ಬೇಲಿಯ ಒಳಗೆ ಕುಳಿತವನಿಗೆ ದೊರೆಯದು. ಸಭೆಗೆ ಬಂದು ನಿಂತವನಿಗೆ ಮಾತ್ರವೇ ಸಭೆಯ ಜಯಪತ್ರವು ಸಲ್ಲುವುದು.