ತೈಲ ಮತ್ತು ಅನಿಲ ಬಾವಿಗಳ ಪರೀಕ್ಷೆ: ಭಾರತದ ಕಾನೂನು

ಹೊಸದಾಗಿ ಕೊರೆದ ಬಾವಿಯಿಂದ ಕೆಲವು ಗಂಟೆ ಅಥವಾ ದಿನಗಳ ಕಾಲ ತೈಲ, ಅನಿಲವನ್ನು ಮೇಲಕ್ಕೆ ಹರಿಸಿ ಹರಿವಿನ ಪ್ರಮಾಣ, ಒತ್ತಡ, ಗುಣಗಳನ್ನು ಅಳೆಯುವುದಕ್ಕೆ ಬಾವಿ ಪರೀಕ್ಷೆ ಎನ್ನುತ್ತಾರೆ. ಇದನ್ನು ಉತ್ಪಾದನೆ ಎನ್ನುವಂತಿಲ್ಲ. ಆದರೆ ಮೇಲೆ ಬರುವುದು ನಿಜವಾದ ತೈಲವೇ. ಅದು ಯಾರದು, ಖರ್ಚು ಯಾರದು, ಎಷ್ಟು ಹರಿದರೆ ನಿಕ್ಷೇಪ ಸಿಕ್ಕಿತೆನ್ನಬಹುದು ಎಂಬ ಪ್ರಶ್ನೆಗಳ ಸುತ್ತಲೇ ಸರ್ಕಾರದ ನಿಯಮಗಳು ಬೆಳೆದಿವೆ.

ಬಾವಿ ಪರೀಕ್ಷೆಗಳಲ್ಲಿ ಹೆಚ್ಚು ಹೆಸರಾದದ್ದು ಡ್ರಿಲ್ ಸ್ಟೆಮ್ ಟೆಸ್ಟ್ (ಡಿಎಸ್‌ಟಿ). ಕೊರೆಯುವ ಕೊಳವೆಯ ತುದಿಗೆ ಕವಾಟ, ಒತ್ತಡಮಾಪಕ ಕಟ್ಟಿ ಇಳಿಸುತ್ತಾರೆ; ಪರೀಕ್ಷಿಸಬೇಕಾದ ಪದರವನ್ನು ಪ್ಯಾಕರ್ ಎಂಬ ರಬ್ಬರ್ ಬಿರಡೆಯಿಂದ ಪ್ರತ್ಯೇಕಿಸುತ್ತಾರೆ. ಕವಾಟ ತೆರೆದು ಹರಿಸಿ, ಮತ್ತೆ ಮುಚ್ಚಿ, ಒತ್ತಡ ಎಷ್ಟು ಬೇಗ ಏರುತ್ತದೆಂದು ನೋಡುತ್ತಾರೆ. ಹರಿವಿಗಿಂತ ಈ ಮುಚ್ಚಿದ ಅವಧಿಯೇ ಪದರದ ಗುಟ್ಟನ್ನು ಹೆಚ್ಚು ಬಿಟ್ಟುಕೊಡುತ್ತದೆ.

ಭಾರತದಲ್ಲಿ ಮೂಲ ಕಾನೂನು 1948ರ ತೈಲಕ್ಷೇತ್ರಗಳ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ. ಅದರಡಿ ಬಂದ 1959ರ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಮಗಳು ಹುಡುಕಾಟದ ಪರವಾನಗಿಯನ್ನೂ ಉತ್ಪಾದನೆಯ ಗುತ್ತಿಗೆಯನ್ನೂ ಬೇರೆಯಾಗಿಸಿದವು. ಪರೀಕ್ಷೆಗಾಗಿ ಕೊರೆಯುವುದು ಪರವಾನಗಿಯ ಹಕ್ಕಾಗಿತ್ತು. ವ್ಯಾಪಾರಕ್ಕೆಂದು ತೆಗೆಯಲು ಗುತ್ತಿಗೆ ಬೇಕಿತ್ತು. ನೆಲದ ಮೇಲಿನ ಬಾವಿಗಳಿಗೆ ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಸರ್ಕಾರ ಇವನ್ನು ಕೊಡುತ್ತಿತ್ತು, ಸಮುದ್ರದವಕ್ಕೆ ಕೇಂದ್ರವೇ. 1993ರಲ್ಲಿ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯ (ಡಿಜಿಎಚ್) ಸ್ಥಾಪನೆಯಾದ ಮೇಲೆ ತಾಂತ್ರಿಕ ಉಸ್ತುವಾರಿ ಅದರ ಪಾಲಿಗೆ ಬಂತು.

ಪರೀಕ್ಷೆಯ ವಿವರಗಳಿರುವುದು ಹೆಚ್ಚಾಗಿ ಸರ್ಕಾರ ಮತ್ತು ಕಂಪನಿಗಳ ನಡುವಿನ ಉತ್ಪಾದನಾ ಹಂಚಿಕೆ ಒಪ್ಪಂದಗಳಲ್ಲಿ. ಅವುಗಳ ಪ್ರಕಾರ, ಅಳೆಯಬಹುದಾದ ಹರಿವಿನಲ್ಲಿ ಮೇಲಕ್ಕೆ ತರಬಲ್ಲ ಹೊಸ ನಿಕ್ಷೇಪವೇ ‘ಶೋಧ’. ಪರೀಕ್ಷೆಯ ವೇಳೆಯನ್ನು ಮುಂಚೆಯೇ ತಿಳಿಸಬೇಕು. ಸರ್ಕಾರದ ಪ್ರತಿನಿಧಿ ಅಲ್ಲಿ ಹಾಜರಿರಬಹುದು.

ಈ ವ್ಯಾಖ್ಯೆಯೇ ದೊಡ್ಡ ತಕರಾರಿಗೆ ಕಾರಣವಾಯಿತು. ಕೃಷ್ಣಾ–ಗೋದಾವರಿ ಜಲಾನಯನದ ಆಳಸಮುದ್ರದಲ್ಲಿರುವ ಡಿ6 ಬ್ಲಾಕಿನಲ್ಲಿ ತನಗೆ ಸಿಕ್ಕ ಡಿ-29, ಡಿ-30, ಡಿ-31 ಅನಿಲ ಶೋಧಗಳನ್ನು ರಿಲಯನ್ಸ್ ವಾಣಿಜ್ಯಯೋಗ್ಯವೆಂದು ಘೋಷಿಸಿದಾಗ, ಡಿಎಸ್‌ಟಿ ಮಾಡಿಲ್ಲವೆಂದು ಡಿಜಿಎಚ್ ಒಪ್ಪಲಿಲ್ಲ. ಬೇರೆ ವಿಧಾನಗಳಿಂದ ಪಡೆದ ಮಾಹಿತಿ ಸಾಕು ಎಂಬುದು ಕಂಪನಿಯ ವಾದ. ಎರಡೂ ಕಡೆ ಹುರುಳಿತ್ತು: ಆಳಸಮುದ್ರದಲ್ಲಿ ಈ ಪರೀಕ್ಷೆ ವಿಪರೀತ ದುಬಾರಿ, ಇತ್ತ ಕಂಪನಿ ಹೂಡಿದ ಖರ್ಚನ್ನು ಮೊದಲು ಮುರಿದುಕೊಂಡು ಲಾಭ ಹಂಚುವ ಒಪ್ಪಂದವಾದ್ದರಿಂದ, ಅಂದಾಜು ತಪ್ಪಿದರೆ ಸರ್ಕಾರದ ಪಾಲೂ ಕರಗುತ್ತದೆ. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಇಂಥ ಶೋಧಗಳಿಗೆ ಮೂರು ದಾರಿ ಕೊಟ್ಟಿತು. ಕ್ಷೇತ್ರವನ್ನು ಬಿಟ್ಟುಕೊಡುವುದು ಒಂದು. ಈಗಲಾದರೂ ಡಿಎಸ್‌ಟಿ ಮಾಡಿ, 1.5 ಕೋಟಿ ಡಾಲರ್ ಮಿತಿಯೊಳಗೆ ಅದರ ಅರ್ಧ ವೆಚ್ಚವನ್ನಷ್ಟೇ ವಸೂಲು ಮಾಡಿಕೊಳ್ಳುವುದು ಇನ್ನೊಂದು. ಇಲ್ಲವೇ ಪರೀಕ್ಷೆಯಿಲ್ಲದೆ ಸ್ವಂತ ಜವಾಬ್ದಾರಿಯ ಮೇಲೆ ಮುಂದುವರಿಯಬಹುದು. ಅನಿಲ ಬಂದರಷ್ಟೇ ಖರ್ಚು ವಾಪಸು. ಮರುವರ್ಷದ ಹೊಸ ನೀತಿ ವೆಚ್ಚ ವಸೂಲಿಯನ್ನೇ ಕೈಬಿಟ್ಟು ಆದಾಯ ಹಂಚಿಕೆಗೆ ಹೊರಳಿದ್ದರಿಂದ, ಹೊಸ ಬ್ಲಾಕುಗಳ ಮಟ್ಟಿಗೆ ಈ ಜಗಳದ ಬೇರೇ ಒಣಗಿತು.

ಪರೀಕ್ಷೆಯಲ್ಲಿ ಬಂದ ಅನಿಲವನ್ನು ಸಾಗಿಸಲು ಕೊಳವೆಮಾರ್ಗ ಇರುವುದಿಲ್ಲವಾದ್ದರಿಂದ ಸಾಮಾನ್ಯವಾಗಿ ಸ್ಥಳದಲ್ಲೇ ಸುಡುತ್ತಾರೆ. ಅನಿವಾರ್ಯವಾಗಿ ನಷ್ಟವಾದದ್ದಕ್ಕೆ, ಮತ್ತೆ ಪದರಕ್ಕೆ ತುಂಬಿದ್ದಕ್ಕೆ 1948ರ ಕಾಯ್ದೆಯಂತೆ ರಾಜಧನವಿಲ್ಲ. ತೈಲವನ್ನಾದರೆ ಟ್ಯಾಂಕರಿನಲ್ಲಿ ಸಾಗಿಸಬಹುದು: ಪಶ್ಚಿಮ ಬಂಗಾಳದ ಉತ್ತರ 24 ಪರಗಣ ಜಿಲ್ಲೆಯ ಅಶೋಕನಗರ ಬಾವಿಯ ಪರೀಕ್ಷೆಯಲ್ಲಿ ಸಿಕ್ಕ ತೈಲವನ್ನು ಒಎನ್‌ಜಿಸಿ 2020ರ ನವೆಂಬರ್‌ನಲ್ಲಿ ಹಲ್ದಿಯಾ ಸಂಸ್ಕರಣಾಗಾರಕ್ಕೆ ಕಳಿಸಿತು.

ಕಾರ್ಮಿಕರ ಸುರಕ್ಷತೆ 2025ರವರೆಗೆ ಗಣಿ ಕಾಯ್ದೆಯ ವ್ಯಾಪ್ತಿಗೆ ಸೇರಿತ್ತು. ಅದರಡಿ 2017ರ ತೈಲ ಗಣಿ ವಿನಿಯಮಗಳು ಬಂದವು. ಹರಿವನ್ನು ಮೊದಲ ಬಾರಿ ಹಗಲಿನಲ್ಲೇ ತೆರೆಯುವುದು ಉದ್ಯಮದ ವಾಡಿಕೆ. 1948ರ ಕಾಯ್ದೆಯಡಿ ನಿಯಮ ಮುರಿದವರಿಗೆ ಆರು ತಿಂಗಳವರೆಗಿನ ಸೆರೆ, 1,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಇದ್ದವು. 2025ರ ತಿದ್ದುಪಡಿ ಸೆರೆಯನ್ನು ತೆಗೆದು ದಂಡವನ್ನು 25 ಲಕ್ಷ ರೂಪಾಯಿವರೆಗೆ ಏರಿಸಿತು.