ಕೊರತೆಯ ವರ್ಷಗಳು: ಕಾವೇರಿ ವಿವಾದದ ಮತ್ತೊಂದು ಚರಿತ್ರೆ

ಕಾವೇರಿ ವಿವಾದದ ಬೇರು ರಾಜಕೀಯಕ್ಕಿಂತ ಮೊದಲು ಮಳೆಯಲ್ಲಿದೆ. ಕೊಡಗು ಮತ್ತು ಹಳೆಯ ಮೈಸೂರಿನ ಮೇಲ್ಕಣಿವೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ನೀರು ತುಂಬಿದರೆ, ತಂಜಾವೂರು ಬಯಲಿಗೆ ಮುಖ್ಯವಾಗಿ ಮಳೆ ತರುವುದು ಅಕ್ಟೋಬರ್ ನಂತರದ ಹಿಂಗಾರು. ಆದ್ದರಿಂದ ಆ ಬಯಲಿನ ಮೊದಲ ಬೆಳೆಯಾದ ಕುರುವೈ ಭತ್ತ ಜೂನ್‌ನಲ್ಲಿ ಮೇಲಿನಿಂದ ಬರುವ ನೀರನ್ನೇ ನಂಬಿರುತ್ತದೆ. ಅದೇ ತಿಂಗಳುಗಳಲ್ಲಿ ಮಂಡ್ಯದ ನಾಲೆಗಳ ರೈತರೂ ನಾಟಿಗಾಗಿ ಅದೇ ನೀರನ್ನು ಎದುರು ನೋಡುತ್ತಾರೆ.

1876–78ರ ಘೋರ ಕ್ಷಾಮದಿಂದ ಬಸವಳಿದಿದ್ದ ಮೈಸೂರು ಸಂಸ್ಥಾನವು, 1881ರಲ್ಲಿ ಆಡಳಿತ ಒಡೆಯರ್ ಮನೆತನಕ್ಕೆ ಮರಳಿದ ಮೇಲೆ ನೀರಾವರಿ ವಿಸ್ತರಣೆಗೆ ಮುಂದಾದಾಗ, ಮದ್ರಾಸ್ ಪ್ರಾಂತವು ತನ್ನ ಹಳೆಯ ಅಚ್ಚುಕಟ್ಟು, ಅಂದರೆ ನೀರಾವರಿಗೆ ಒಳಪಟ್ಟ ಭೂಮಿ, ಒಣಗೀತೆಂದು ಆಕ್ಷೇಪಿಸಿತು. ಹೊಸ ಜಲಾಶಯಗಳಿಗೆ ಮದ್ರಾಸಿನ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದ 1892ರ ಒಪ್ಪಂದ ಹುಟ್ಟಿದ್ದು ಹೀಗೆ. ಮೈಸೂರಿನ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದ ಮೇಲೆ ಬೆಳೆದ ತಕರಾರು 1924ರ ಒಪ್ಪಂದದಿಂದ ತಣ್ಣಗಾಯಿತು. 1934ರಲ್ಲಿ ಮದ್ರಾಸಿನ ಮೆಟ್ಟೂರು ಅಣೆಕಟ್ಟೂ ಪೂರ್ಣಗೊಂಡಿತು. ಆದರೆ ಒಪ್ಪಂದವಾದ ಐವತ್ತು ವರ್ಷಗಳ ನಂತರ, 1974ರಲ್ಲಿ, ಅದರ ಮರುಪರಿಶೀಲನೆಯ ಕಾಲ ಬಂದಾಗ ಎರಡೂ ಕಡೆ ಅಚ್ಚುಕಟ್ಟು ಹಿಗ್ಗಿತ್ತು, ನದಿಯ ನೀರು ಮಾತ್ರ ಹಿಗ್ಗಿರಲಿಲ್ಲ.

ಈ ವಿವಾದ ಬಗೆಹರಿಸಲು 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಕಣಿವೆಯ ವಾರ್ಷಿಕ ನೀರನ್ನು 740 ಟಿಎಂಸಿ ಅಡಿ, ಅಂದರೆ 740 ಶತಕೋಟಿ ಘನ ಅಡಿ, ಎಂದು ಅಂದಾಜಿಸಿ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ ಅಡಿ ಹಂಚಿತು. ಕರ್ನಾಟಕದ ಪಾಲನ್ನು ಸುಪ್ರೀಂ ಕೋರ್ಟ್ 2018ರಲ್ಲಿ 284.75ಕ್ಕೆ ಏರಿಸಿತು. ಈ 740ರ ಅಂಕಿಯು ಶೇ 50ರ ಭರವಸೆಯದು, ಎಂದರೆ ನೂರು ವರ್ಷಗಳಲ್ಲಿ ಸುಮಾರು ಐವತ್ತು ವರ್ಷ ಮಾತ್ರ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ನೀರು ನಿರೀಕ್ಷಿತ. ಉಳಿದರ್ಧ ವರ್ಷಗಳಿಗೆ ತೀರ್ಪು ಹೇಳಿದ್ದು ಪಾಲುಗಳನ್ನು ಅನುಪಾತದಲ್ಲಿ ತಗ್ಗಿಸಬೇಕೆಂಬ ತತ್ವವನ್ನು. ಕೊರತೆಯನ್ನು ಎಂದು, ಯಾವ ಅಳತೆಯಿಂದ ಗುರುತಿಸಬೇಕು ಎಂಬ ಸಂಕಷ್ಟ ಸೂತ್ರದ ಬಗ್ಗೆ ರಾಜ್ಯಗಳು ಒಮ್ಮತಕ್ಕೆ ಬರಲಿಲ್ಲ.

1991ರ ಡಿಸೆಂಬರಿನ ಗಲಭೆಗೆ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹುಟ್ಟಿಸಿದ ಭೀತಿ ಕಾರಣವಾಗಿತ್ತು. ಅದರ ನಂತರ ಜಗಳ ಭುಗಿಲೆದ್ದ 1995, 2002, 2012, 2016 ಮತ್ತು 2023 ಮಾತ್ರ ಮುಂಗಾರು ಕೈಕೊಟ್ಟ ವರ್ಷಗಳೇ. ತುಂಬು ಮಳೆಯ ವರ್ಷಗಳಲ್ಲಿ ನೀರು ತಾನಾಗಿ ಮೆಟ್ಟೂರಿಗೆ ಹರಿದು ವಿವಾದ ಮರೆಯಾಯಿತು. ಒಪ್ಪಂದಗಳು ಒಳ್ಳೆಯ ಕಾಲವನ್ನು ಹಂಚಿಕೊಂಡವೇ ಹೊರತು ಕಷ್ಟಕಾಲವನ್ನಲ್ಲ. 2003ರಲ್ಲಿ ಎರಡೂ ರಾಜ್ಯಗಳ ರೈತರು ಸೇರಿ ಕಟ್ಟಿದ ‘ಕಾವೇರಿ ಕುಟುಂಬ’ವು ಒಬ್ಬರ ಹೊಲ, ಜಲಾಶಯಗಳನ್ನು ಇನ್ನೊಬ್ಬರು ಕಣ್ಣಾರೆ ಕಂಡು ಮಾತನಾಡುವ ದಾರಿಯನ್ನು ತೋರಿತು. 2018ರಲ್ಲಿ ಕೊಡಗನ್ನು ಕೊಚ್ಚಿದ ಅತಿವೃಷ್ಟಿಯೂ 2023ರ ಬರವೂ ಐದೇ ವರ್ಷಗಳ ಅಂತರದಲ್ಲಿ ಒದಗುವ ಕಾಲದಲ್ಲಿ, ಕೊರತೆಯ ನಿಯಮವನ್ನು ಜಲಾಶಯಗಳು ತುಂಬಿರುವಾಗಲೇ, ರೈತರನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಎರಡೂ ರಾಜ್ಯಗಳು ಇನ್ನು ಮುಂದೂಡಲಾಗದ ಕರ್ತವ್ಯ.